75 ಕೋಟಿ ಕೊಟ್ಟು ವಿಶ್ರಾಂತಿಗೆ ಕಳಿಸುವುದೇಕೆ? ಕಾಲೇಜು ಪಿಚರ್ ಮೇಜರ್ ಲೀಗ್ ಸೇರುವ ದಾರಿ

2025ರ ಜೂನ್ 21. ಅಮೆರಿಕದ ಒಮಾಹಾ ನಗರದಲ್ಲಿ ಕಾಲೇಜು ಬೇಸ್‌ಬಾಲ್ ಫೈನಲ್ ಸರಣಿಯ ಮೊದಲ ಪಂದ್ಯ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್ಎಸ್‌ಯು ತಂಡದ ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಕೇಡ್ ಆಂಡರ್ಸನ್ ಒಂಬತ್ತೂ ಇನಿಂಗ್ಸನ್ನು ಒಬ್ಬರೇ ಎಸೆದು ಮುಗಿಸಿದರು. 130 ಎಸೆತ. ಎದುರಾಳಿ ಕೋಸ್ಟಲ್ ಕೆರೊಲೈನಾಗೆ ಒಂದೂ ರನ್ ಸಿಗಲಿಲ್ಲ, ಪಂದ್ಯ 1-0. ಮೂರು ವಾರ ಕಳೆದ ಮೇಲೆ ನಡೆದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, ಸಿಯಾಟಲ್ ಮ್ಯಾರಿನರ್ಸ್ ಅವರನ್ನು ಮೂರನೆಯವರಾಗಿ ಆರಿಸಿಕೊಂಡು 88 ಲಕ್ಷ ಡಾಲರ್ ಬೋನಸ್ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಸುಮಾರು 75 ಕೋಟಿ ರೂಪಾಯಿ. ಅಷ್ಟು ಕೊಟ್ಟ ಕ್ಲಬ್ಬು ಆ ವರ್ಷ ಅವರನ್ನು ಒಂದೇ ಒಂದು ಪಂದ್ಯಕ್ಕೂ ಇಳಿಸಲಿಲ್ಲ.

ಐಪಿಎಲ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಮಾರ್ಚಿನಲ್ಲಿ ಆಡಿಸುವುದಕ್ಕೆಂದೇ ಅಲ್ಲವೇ ಡಿಸೆಂಬರಿನಲ್ಲಿ ಕೋಟಿ ಸುರಿಯುವುದು? ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಡ್ರಾಫ್ಟ್ ಆದ ಪಿಚರ್ ಅಮೆರಿಕದ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್ ಮೈದಾನ ಕಾಣಲು ಒಂದು ವರ್ಷ ಹಿಡಿಯಬಹುದು, ಐದು ವರ್ಷವೂ ಹಿಡಿಯಬಹುದು. ಹೆಚ್ಚಿನವರು ಅಲ್ಲಿಗೆ ತಲುಪುವುದೇ ಇಲ್ಲ. ಇದರ ಮೇಲೆ ಕಾಲೇಜುಗಳೇ ಆಟಗಾರರಿಗೆ ಸಂಬಳ ಕೊಡಲು ಶುರುಮಾಡಿವೆ, ಮೇಜರ್ ಲೀಗ್ ಮಾಲೀಕರು ಮತ್ತು ಆಟಗಾರರ ನಡುವಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಬಿಡಿಬಿಡಿಯಾಗಿ ಕಾಣುವ ಈ ಸುದ್ದಿಗಳೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಪಿಚರ್‌ನ ತೋಳು ಯಾವಾಗ ಬೇಕಾದರೂ ಕೈಕೊಡಬಹುದು. ಆ ಅಪಾಯವನ್ನು ಹೊರುವವರು ಯಾರು?

ಹರಾಜಲ್ಲ, ಡ್ರಾಫ್ಟ್

ಹರಾಜಿನಲ್ಲಿ ಹತ್ತು ತಂಡ ಒಬ್ಬ ಆಟಗಾರನಿಗೆ ಪೈಪೋಟಿಯಿಂದ ಬೆಲೆ ಕೂಗುತ್ತವೆ. ಡ್ರಾಫ್ಟ್‌ನಲ್ಲಿ ಆ ಪೈಪೋಟಿಯೇ ಇಲ್ಲ. ಮೂವತ್ತು ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರ ಹೆಸರು ಹೇಳುತ್ತವೆ. ಹೆಸರು ಹೇಳಿದ ತಂಡದ ಜೊತೆ ಮಾತ್ರ ಆ ಆಟಗಾರ ವ್ಯವಹರಿಸಬೇಕು. ಬೇರೆ ತಂಡ ಎರಡರಷ್ಟು ಕೊಡಲು ಸಿದ್ಧವಿದ್ದರೂ ಪ್ರಯೋಜನವಿಲ್ಲ.

1965ರಲ್ಲಿ ಈ ಪದ್ಧತಿ ಬಂದದ್ದೇ ಶ್ರೀಮಂತ ಕ್ಲಬ್ಬುಗಳು ಒಳ್ಳೆಯ ಹುಡುಗರನ್ನೆಲ್ಲ ದುಡ್ಡಿನಿಂದ ಬಾಚಿಕೊಳ್ಳುವುದನ್ನು ತಡೆಯಲು, ಜೊತೆಗೆ ಬೋನಸ್ ಏರಿಕೆಗೆ ಕಡಿವಾಣ ಹಾಕಲು. ಸೋತ ತಂಡಗಳಿಗೆ ಮುಂಚಿನ ಸರದಿ ಸಿಗುವುದರಿಂದ ಪಿಟ್ಸ್‌ಬರ್ಗ್‌ನಂಥ ಸಣ್ಣ ಮಾರುಕಟ್ಟೆಯ ತಂಡಕ್ಕೂ ದೊಡ್ಡ ಪ್ರತಿಭೆ ದಕ್ಕುತ್ತದೆ ಎಂಬುದು ಮಾಲೀಕರ ವಾದ, ಅದು ಸುಳ್ಳೂ ಅಲ್ಲ. 2019ರವರೆಗೆ 40 ಸುತ್ತು ನಡೆಯುತ್ತಿದ್ದ ಡ್ರಾಫ್ಟ್ ಕೋವಿಡ್ ವರ್ಷದಲ್ಲಿ ಐದಕ್ಕೆ ಇಳಿಯಿತು. 2021ರಿಂದ 20 ಸುತ್ತು.

'ಆಗಲ್ಲ' ಅನ್ನುವ ಶಕ್ತಿ

ಒಂದೇ ತಂಡದ ಜೊತೆ ವ್ಯವಹರಿಸಬೇಕಾದವನ ಕೈಯಲ್ಲಿ ಉಳಿಯುವ ಅಸ್ತ್ರ ಒಂದೇ. ಒಪ್ಪಂದಕ್ಕೆ ಸಹಿ ಹಾಕದೆ ಎದ್ದು ಹೋಗುವುದು. ಅದು ಸಾಧ್ಯವಾಗುವುದು ಬೇರೆ ಜಾಗವಿದ್ದಾಗ ಮಾತ್ರ, ಆ ಜಾಗವೇ ಕಾಲೇಜು.

ಹೈಸ್ಕೂಲು ಮುಗಿಸಿದ ಹುಡುಗ ಡ್ರಾಫ್ಟ್‌ಗೆ ಅರ್ಹ. ಆಗ ಬೇಡವೆಂದು ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರನೇ ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಕಾಯಬೇಕು. ಮೂರನೇ ವರ್ಷ ಮುಗಿಸಿದವನು "ದುಡ್ಡು ಸಾಲದು, ಇನ್ನೊಂದು ವರ್ಷ ಓದುತ್ತೇನೆ" ಎನ್ನಬಹುದು. ಎರಡನೇ ವರ್ಷದಲ್ಲೇ 21 ತುಂಬಿದ ಆಂಡರ್ಸನ್ ಅಂಥವರಿಗೆ ಚೌಕಾಸಿಯ ಬಲ ಇನ್ನೂ ಹೆಚ್ಚು. ಆದರೆ ಕಾಲೇಜಿನ ಕೊನೆಯ ವರ್ಷವೂ ಮುಗಿದವನಿಗೆ ಹಿಂದಿರುಗಲು ಜಾಗವಿಲ್ಲ. ಅದು ಗೊತ್ತಿರುವುದರಿಂದಲೇ ಕ್ಲಬ್ಬುಗಳು ಇಂಥವರಿಗೆ ಕೆಲವು ಸಾವಿರ ಡಾಲರ್ ಕೊಟ್ಟು ಮುಗಿಸುತ್ತವೆ. ಹಾಗೆ ಉಳಿಸಿದ ಹಣ ಹೈಸ್ಕೂಲಿನ ಹಟಮಾರಿ ಹುಡುಗನನ್ನು ಒಪ್ಪಿಸಲು ಹೋಗುತ್ತದೆ. ವೇಗ ಒಂದೇ, ಪ್ರತಿಭೆ ಒಂದೇ ಇದ್ದರೂ ಬೋನಸ್ಸಿನಲ್ಲಿ ನೂರು ಪಟ್ಟು ಅಂತರ ಬರುವುದು ಹೀಗೆ.

ಈ ದಾರಿಯನ್ನು ಪೂರ್ತಿ ನಡೆದು ತೋರಿಸಿದವರು ಗೆರಿಟ್ ಕೋಲ್. 2008ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೊದಲ ಸುತ್ತಿನಲ್ಲೇ ಹೆಸರು ಕೂಗಿದರೂ ಬೇಡವೆಂದು ಯುಸಿಎಲ್ಎ ವಿಶ್ವವಿದ್ಯಾಲಯ ಸೇರಿದರು. 2011ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಇಡೀ ಡ್ರಾಫ್ಟ್‌ನ ಮೊದಲಿಗರಾಗಿ ಆರಿಸಿ 80 ಲಕ್ಷ ಡಾಲರ್ ಕೊಟ್ಟಿತು. 2013ರಲ್ಲಿ ಮೇಜರ್ ಲೀಗ್ ಪ್ರವೇಶ. 2019ರ ಕೊನೆಗೆ ಯಾವ ತಂಡಕ್ಕೆ ಬೇಕಾದರೂ ಸೇರಲು ಸ್ವತಂತ್ರರಾದಾಗ ಅದೇ ಯಾಂಕೀಸ್ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಹೆಸರು ಕೂಗಿದ ದಿನದಿಂದ ಆ ಒಪ್ಪಂದದವರೆಗೆ 11 ವರ್ಷ, ಅಷ್ಟೂ ವರ್ಷ ಅವರ ತೋಳು ತಾಳಿಕೊಂಡಿತು. ಆ ತಾಳಿಕೆ ಎಷ್ಟು ಜನರಿಗೆ ಸಿಗುತ್ತದೆ ಎಂಬುದೇ ಪ್ರಶ್ನೆ. 2025ರ ಮಾರ್ಚಿನಲ್ಲಿ ಕೋಲ್ ಕೂಡ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು.

ಬೋನಸ್ಸಿಗೆ ಹಾಕಿದ ಬೇಲಿ

ಸ್ಯಾನ್ ಡಿಯಾಗೋ ಸ್ಟೇಟ್‌ನ ಸ್ಟೀಫನ್ ಸ್ಟ್ರಾಸ್‌ಬರ್ಗ್ 2009ರಲ್ಲಿ ಮೊದಲ ಆಯ್ಕೆಯಾದಾಗ ವಾಷಿಂಗ್ಟನ್ ನ್ಯಾಷನಲ್ಸ್ ಕೊಟ್ಟದ್ದು ನಾಲ್ಕು ವರ್ಷದ, 1.51 ಕೋಟಿ ಡಾಲರಿನ ಮೇಜರ್ ಲೀಗ್ ಒಪ್ಪಂದ. 14 ವರ್ಷದ ನಂತರ, 2023ರಲ್ಲಿ, ಎಲ್ಎಸ್‌ಯುವಿನ ಪಾಲ್ ಸ್ಕೀನ್ಸ್‌ಗೆ ಪೈರೇಟ್ಸ್ ಕೊಟ್ಟದ್ದು 92 ಲಕ್ಷ ಡಾಲರ್. ಆಗಿನ ಮಟ್ಟಿಗೆ ಅದೇ ಡ್ರಾಫ್ಟ್ ಬೋನಸ್ಸಿನ ದಾಖಲೆ. ಲೀಗಿನ ಆದಾಯ ಬಹಳಷ್ಟು ಬೆಳೆದ ಕಾಲದಲ್ಲಿ ಅತ್ಯುತ್ತಮ ಕಾಲೇಜು ಪಿಚರ್‌ನ ಕೈಗೆ ಬರುವ ಖಚಿತ ಹಣ ಕುಗ್ಗಿದ್ದು ಹೇಗೆ?

ಕಾರಣ 2012ರಲ್ಲಿ ಜಾರಿಗೆ ಬಂದ ನಿಯಮ. ಪ್ರತಿ ಸರದಿಗೂ ಒಂದು ನಿಗದಿತ ಬೆಲೆ, ತಂಡದ ಸರದಿಗಳೆಲ್ಲ ಸೇರಿ ಒಂದು ಗಂಟು. ಗಂಟನ್ನು ಸ್ವಲ್ಪ ಮೀರಿದರೆ ಮೀರಿದ್ದಕ್ಕೆ ಶೇ 75ರ ದಂಡ. ಶೇ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ಮೊದಲ ಸುತ್ತಿನ ಆಯ್ಕೆಯೇ ಕೈತಪ್ಪುತ್ತದೆ. ಆ ಗೆರೆಯನ್ನು ಯಾವ ತಂಡವೂ ದಾಟಿಲ್ಲ. ಡ್ರಾಫ್ಟ್ ಆದವರಿಗೆ ನೇರ ಮೇಜರ್ ಲೀಗ್ ಒಪ್ಪಂದ ಕೊಡುವುದೂ ಅದೇ ನಿಯಮದಡಿ ನಿಂತಿತು.

ಈ ನಿಯಮಕ್ಕೆ ಸಹಿ ಹಾಕಿದ ಆಟಗಾರರ ಸಂಘದಲ್ಲಿ ಕಾಲೇಜು ಆಟಗಾರರು ಸದಸ್ಯರಲ್ಲ. ಈಗಾಗಲೇ ಮೇಜರ್ ಲೀಗ್‌ನಲ್ಲಿ ಇರುವವರು ತಮ್ಮ ಕನಿಷ್ಠ ಸಂಬಳಕ್ಕೆ ಹೋರಾಡುವಾಗ ಇನ್ನೂ ಒಳಗೆ ಬಾರದವರ ಬೋನಸ್ಸನ್ನು ಬಿಟ್ಟುಕೊಡುವುದು ಸುಲಭ. ಮಾಲೀಕರನ್ನು ಮಾತ್ರ ದೂರಿದರೆ ಈ ವಿಷಯ ಅರ್ಧ ಮಾತ್ರ ಅರ್ಥವಾಗುತ್ತದೆ.

ಮೊಣಕೈ ಲೆಕ್ಕ

ಬ್ಯಾಟರ್‌ಗಿಲ್ಲದ ಅವಸರ ಪಿಚರ್‌ಗೆ ಇರುವುದು ಮೊಣಕೈಯಿಂದ. ಕ್ರಿಕೆಟ್ ಬೌಲರ್ ಓಡಿ ಬಂದು, ಮೊಣಕೈ ನೇರ ಇಟ್ಟು ತೋಳು ತಿರುಗಿಸುತ್ತಾನೆ. ಆ ಹೊರೆ ಬಹುಪಾಲು ಸೊಂಟ, ಬೆನ್ನು, ಮುಂಗಾಲಿನ ಮೇಲೆ ಬೀಳುತ್ತದೆ. ನಮ್ಮ ವೇಗಿಗಳು ಬೆನ್ನು ಹಿಡಿದುಕೊಂಡು ಮನೆ ಸೇರುವುದು ಅದಕ್ಕೇ. ಪಿಚರ್ ನಿಂತಲ್ಲಿಂದ, ಮೊಣಕೈ ಮಡಿಚಿ, ಚಾವಟಿಯಂತೆ ಬೀಸುತ್ತಾನೆ. ಆ ಬೀಸಿನಲ್ಲಿ ಮುಂಗೈ ಹಿಂದಕ್ಕೆ ವಾಲಿ, ತಟ್ಟನೆ ಮುಂದಕ್ಕೆ ತಿರುಗುವ ಕ್ಷಣದಲ್ಲಿ ಮೊಣಕೈ ಒಳಬದಿಯ ಪುಟ್ಟ ಲಿಗಮೆಂಟ್ ಜಗ್ಗುತ್ತದೆ. ಸ್ನಾಯುವನ್ನು ವ್ಯಾಯಾಮದಿಂದ ಬೆಳೆಸಬಹುದು, ಲಿಗಮೆಂಟನ್ನು ಹಾಗೆ ಬೆಳೆಸಲಾಗದು.

ಅದು ಹರಿದರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಕಸಿ ಮಾಡುತ್ತಾರೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲ ಬಾರಿ ಇದನ್ನು ಮಾಡಿದ್ದು ಡಾಡ್ಜರ್ಸ್ ಪಿಚರ್ ಟಾಮಿ ಜಾನ್ ಅವರಿಗೆ, ಹೆಸರೂ ಅದೇ ಉಳಿಯಿತು. ಚೇತರಿಕೆಗೆ 12ರಿಂದ 18 ತಿಂಗಳು ಬೇಕು. ಆಂಡರ್ಸನ್ ಕಾಲೇಜು ಮೈದಾನಕ್ಕೆ ಇಳಿಯುವ ಮೊದಲೇ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು.

ಗಾಯ ಹೆಚ್ಚುತ್ತಿರುವುದೇಕೆ ಎಂದು ಮೇಜರ್ ಲೀಗ್ ತಾನೇ ಅಧ್ಯಯನ ಮಾಡಿಸಿ 2024ರ ಡಿಸೆಂಬರಿನಲ್ಲಿ ವರದಿ ಹೊರತಂದಿತು. ಅದರ ಬೆರಳು ಹೋದದ್ದು ವೇಗದ ಬೆನ್ನುಹತ್ತುವಿಕೆ, ಚೆಂಡನ್ನು ಹೆಚ್ಚು ತಿರುಗಿಸುವ ಹಟ ಮತ್ತು ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ರೂಢಿಯ ಕಡೆಗೆ. 2008ರಲ್ಲಿ ಗಂಟೆಗೆ ಸುಮಾರು 147 ಕಿ.ಮೀ. ಇದ್ದ ಲೀಗಿನ ಸರಾಸರಿ ಫಾಸ್ಟ್‌ಬಾಲ್ ವೇಗ 2024ಕ್ಕೆ ಸುಮಾರು 151ರ ಮೇಲೇರಿದೆ. ಈ ಹಂಬಲ ಹುಟ್ಟುವುದು ಡ್ರಾಫ್ಟ್‌ಗೂ ಮುಂಚೆ. ಕ್ಲಬ್ಬುಗಳ ಪ್ರತಿಭಾ ಶೋಧಕರು ವೇಗ ಅಳೆಯುವ ರೇಡಾರ್ ಗನ್ ಹಿಡಿದು ಬರುತ್ತಾರೆ, ರೇಡಾರ್‌ನಲ್ಲಿ ಕಾಣುವುದಕ್ಕೆ ಹಣ ಸಿಗುತ್ತದೆ, ಹಾಗಾಗಿ 16ರ ಹುಡುಗ ಅದನ್ನೇ ಬೆನ್ನಟ್ಟುತ್ತಾನೆ. ಬೋನಸ್ಸಿನ ವ್ಯವಸ್ಥೆಯೇ ಗಾಯದ ಕಾರಣಗಳಲ್ಲಿ ಒಂದು ಎಂದು ನೇರವಾಗಿ ಹೇಳಬೇಕಾಗುತ್ತದೆ.

ಇನ್ನೊಂದು ಕಾರಣ ಕಾಲೇಜಿನದು. ಕಾಲೇಜು ಋತುವಿನಲ್ಲಿ ಸರಣಿಗಳು ವಾರಾಂತ್ಯಕ್ಕೆ, ತಂಡದ ಮುಖ್ಯ ಪಿಚರ್ ಸಾಮಾನ್ಯವಾಗಿ ಶುಕ್ರವಾರಕ್ಕೆ. ವಾರಕ್ಕೊಮ್ಮೆ ಎಸೆಯುವುದು ತೋಳಿಗೆ ಹಿತ. ಕೋಚ್ ಕೆಲಸ ಉಳಿಯುವುದು ಮಾತ್ರ ಒಮಾಹಾದಲ್ಲಿ ಗೆದ್ದರೆ. ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಜೊತೆಯಾಗಿ ರೂಪಿಸಿದ 'ಪಿಚ್ ಸ್ಮಾರ್ಟ್' ಸಲಹೆಯಲ್ಲಿ 19ರಿಂದ 22 ವಯಸ್ಸಿನವರಿಗೆ ದಿನದ ಮಿತಿ 120 ಎಸೆತ. ಫೈನಲ್‌ನಲ್ಲಿ ಆಂಡರ್ಸನ್ ಎಸೆದದ್ದು 130. ಫೆಬ್ರವರಿಯಿಂದ 119 ಇನಿಂಗ್ಸ್ ಎಸೆದ ತೋಳನ್ನು ಸಿಯಾಟಲ್ ಆ ಬೇಸಿಗೆಯಲ್ಲಿ ಮುಟ್ಟದೆ ಬಿಟ್ಟದ್ದು ಇದಕ್ಕೇ. 2023ರಲ್ಲಿ ಸ್ಕೀನ್ಸ್ ಕೂಡ ಎಲ್ಎಸ್‌ಯುಗೆ 122 ಇನಿಂಗ್ಸ್ ದಾಟಿ ಎಸೆದ ಮೇಲೆ ಪೈರೇಟ್ಸ್ ಆ ವರ್ಷ ಏಳು ಇನಿಂಗ್ಸ್‌ಗೂ ಕಡಿಮೆ ಎಸೆಯಿಸಿತ್ತು.

ಕುಮಾರ್ ರಾಕರ್‌ಗೆ ಆದದ್ದು

ಅಪಾಯ ಯಾರ ತಲೆಗೆ ಎಂಬ ಪ್ರಶ್ನೆಗೆ ಕುಮಾರ್ ರಾಕರ್ ಅವರಷ್ಟು ಸ್ಪಷ್ಟ ಉದಾಹರಣೆ ಬೇರೆಯಿಲ್ಲ. ತಾಯಿಯ ಕಡೆಯಿಂದ ಭಾರತೀಯ ಮೂಲ, ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲ್ ಆಟಗಾರ, ಕೋಚ್. 2018ರಲ್ಲಿ ಹೈಸ್ಕೂಲು ಮುಗಿದಾಗ ಕೊಲರಾಡೋ ರಾಕೀಸ್ 38ನೇ ಸುತ್ತಿನಲ್ಲಿ ಹೆಸರು ಕೂಗಿತು. ಅವರು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಮೊದಲ ವರ್ಷದಲ್ಲೇ, 2019ರ ಜೂನ್‌ನಲ್ಲಿ, ಡ್ಯೂಕ್ ವಿರುದ್ಧ ಸೋತರೆ ಮನೆಗೆ ಎಂಬ ಪಂದ್ಯದಲ್ಲಿ ಒಂದೂ ಹಿಟ್ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಎಸೆತದಿಂದಲೇ ಔಟ್ ಮಾಡಿದರು. ಎಸೆತ 131, ವಯಸ್ಸು 19. ಆ ವರ್ಷ ವಾಂಡರ್‌ಬಿಲ್ಟ್ ಪ್ರಶಸ್ತಿ ಗೆದ್ದಾಗ ಕಾಲೇಜು ವಿಶ್ವ ಸರಣಿಯ ಶ್ರೇಷ್ಠ ಆಟಗಾರ ಅವರೇ.

2021ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರನ್ನು ಹತ್ತನೆಯವರಾಗಿ ಆರಿಸಿತು. 60 ಲಕ್ಷ ಡಾಲರಿಗೆ ಮಾತಾಗಿದೆ ಎಂದು ಸುದ್ದಿಯೂ ಬಂತು. ವೈದ್ಯಕೀಯ ತಪಾಸಣೆ ನೋಡಿದ ಮೆಟ್ಸ್ ಹಿಂದೆ ಸರಿಯಿತು. ಗಡುವು ಆಗಸ್ಟ್ 1ಕ್ಕೆ ಮುಗಿದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಮೆಟ್ಸ್‌ಗೆ ಮಾತ್ರ ಪರಿಹಾರವಾಗಿ ಮುಂದಿನ ವರ್ಷದ 11ನೇ ಆಯ್ಕೆ ದೊರೆಯಿತು. ಒಪ್ಪಂದ ಮುರಿದ ತಂಡಕ್ಕೆ ನಷ್ಟವಿಲ್ಲ, ಆಟಗಾರನ ಒಂದು ವರ್ಷ ಹೋಯಿತು. ಇಂಥ ನಿಯಮ ಬರೆದವರಿಗೆ ಆಟಗಾರ ಕಣ್ಣಿಗೇ ಬಿದ್ದಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ರಾಕರ್ ಕಾಲೇಜಿಗೆ ಮರಳಲಿಲ್ಲ. ಭುಜದ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2022ರಲ್ಲಿ ಯಾವ ಮೇಜರ್ ಲೀಗ್ ಕ್ಲಬ್ಬಿಗೂ ಸೇರದ ಫ್ರಾಂಟಿಯರ್ ಲೀಗ್‌ನ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ತಂಡಕ್ಕೆ ಕೆಲವು ಪಂದ್ಯ ಎಸೆದು ತೋರಿಸಿದರು. ಆ ಜುಲೈನಲ್ಲಿ ಟೆಕ್ಸಸ್ ರೇಂಜರ್ಸ್ ಮೂರನೆಯವರಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2024ರ ಸೆಪ್ಟೆಂಬರ್ 12ರಂದು ಸಿಯಾಟಲ್‌ನಲ್ಲಿ ಮೇಜರ್ ಲೀಗ್ ಪ್ರವೇಶ.

ಮೆಟ್ಸ್ ವೈದ್ಯರ ಅನುಮಾನ ನಿಜವಾಯಿತೋ? ತೋಳಿಗೆ ತೊಂದರೆ ಬಂದದ್ದು ನಿಜ, ಅದೇ ತೋಳು ಮೇಜರ್ ಲೀಗ್ ತಲುಪಿದ್ದೂ ನಿಜ. ವಾದ ಎರಡೂ ಕಡೆ ಉಳಿದಿದೆ, ನಿಯಮ ಮಾತ್ರ ಬದಲಾಯಿತು. ಈಗ ಡ್ರಾಫ್ಟ್‌ಗೆ ಮುಂಚೆಯೇ ಲೀಗಿನ ತಪಾಸಣೆಗೆ ಒಪ್ಪಿಕೊಂಡ ಪ್ರಮುಖ ಆಟಗಾರನಿಗೆ ಆ ಸರದಿಯ ನಿಗದಿತ ಬೆಲೆಯಲ್ಲಿ ಕನಿಷ್ಠ ಶೇ 75ರಷ್ಟು ಖಾತರಿ. ಆಯ್ಕೆ ಮಾಡಿದ ಮೇಲೆ ಎಂಆರ್‌ಐ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಮೈನರ್ ಲೀಗ್ ಮತ್ತು ಆರು ವರ್ಷದ ಕಟ್ಟು

ಬೋನಸ್ ಪಡೆದವನು ಹೋಗುವುದು ಮೈನರ್ ಲೀಗ್‌ಗೆ, ಅಂದರೆ ಕ್ಲಬ್ಬುಗಳು ಹೊಸಬರನ್ನು ಪಳಗಿಸುವ ಕೆಳಹಂತಕ್ಕೆ. ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ನಾಲ್ಕು ಮೆಟ್ಟಿಲಲ್ಲಿ ಈಗ 120 ತಂಡಗಳಿವೆ. 2021ರ ಪುನರ್‌ವಿಂಗಡಣೆಯಲ್ಲಿ ನಲವತ್ತರಷ್ಟು ತಂಡಗಳು ಮೇಜರ್ ಲೀಗ್ ಕ್ಲಬ್ಬುಗಳ ಜೊತೆಗಿನ ಸಂಬಂಧ ಕಳೆದುಕೊಂಡವು. ಶುಕ್ರವಾರದ ಪಿಚರ್ ಇಲ್ಲಿ ಐದಾರು ದಿನಕ್ಕೊಮ್ಮೆ ಎಸೆಯಲು ಕಲಿಯಬೇಕು, ಅಲ್ಯೂಮಿನಿಯಂ ಬ್ಯಾಟಿನ ಬದಲು ಮರದ ಬ್ಯಾಟಿನೆದುರು ಎಸೆಯಬೇಕು, ಎರಡು ಒಳ್ಳೆಯ ಎಸೆತ ಇದ್ದವನು ಮೂರನೆಯದನ್ನು ಕಟ್ಟಿಕೊಳ್ಳಬೇಕು.

ಸಂಬಳದ ಕತೆ 2023ರಲ್ಲಿ ಸುಧಾರಿಸಿತು. ಮೈನರ್ ಲೀಗ್ ಆಟಗಾರರು ಸಂಘ ಸೇರಿದ ಮೇಲೆ ಟ್ರಿಪಲ್-ಎ ವಾರ್ಷಿಕ ಕನಿಷ್ಠ ಸಂಬಳ 17,500ರಿಂದ 35,800 ಡಾಲರಿಗೆ, ಸಿಂಗಲ್-ಎ 11,000ದಿಂದ 26,200ಕ್ಕೆ ಏರಿತು. ದೊಡ್ಡ ಬೋನಸ್ ಪಡೆದವನಿಗೆ ಇದು ಲೆಕ್ಕಕ್ಕಿಲ್ಲ. 18ನೇ ಸುತ್ತಿನವನು ಬದುಕುವುದು ಇದರಲ್ಲೇ.

ಮೇಲೆ ಬಂದರೂ ಬಿಡುಗಡೆಯಿಲ್ಲ. ಮೊದಲ ಮೂರು ವರ್ಷ ಹೆಚ್ಚೂಕಡಿಮೆ ಕ್ಲಬ್ಬು ಹೇಳಿದ ಸಂಬಳ (ಕನಿಷ್ಠ 2026ರಲ್ಲಿ 7.8 ಲಕ್ಷ ಡಾಲರ್), ಆಮೇಲೆ ಮೂರು ವರ್ಷ ಪಂಚಾಯ್ತಿಯ (ಆರ್ಬಿಟ್ರೇಷನ್) ಮೂಲಕ, ಆರು ವರ್ಷದ ಸೇವೆ ತುಂಬಿದ ಮೇಲಷ್ಟೇ ಸ್ವಾತಂತ್ರ್ಯ. ಹಾಗಾಗಿ ಸಿದ್ಧವಾಗಿರುವ ಆಟಗಾರನನ್ನೂ ಕೆಲವು ವಾರ ಕೆಳಗೇ ಇಟ್ಟು ಇನ್ನೊಂದು ವರ್ಷದ ಅಗ್ಗದ ಸೇವೆ ಗಿಟ್ಟಿಸುವುದು ಕ್ಲಬ್ಬುಗಳ ಹಳೇ ಜಾಣತನ. 2022ರ ಒಪ್ಪಂದ ಇದಕ್ಕೊಂದು ತಡೆ ತಂದಿತು: ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವನಿಗೆ ಪೂರ್ತಿ ವರ್ಷದ ಸೇವೆ. 2024ರ ಮೇ 11ರಂದು ಕಣಕ್ಕಿಳಿದ ಸ್ಕೀನ್ಸ್ ಆ ಪ್ರಶಸ್ತಿ ಗೆದ್ದು ಒಂದು ವರ್ಷ ಮುಂಚೆ, 2029ರ ಋತು ಮುಗಿದ ಮೇಲೆ, ಸ್ವತಂತ್ರರಾಗುತ್ತಾರೆ. ಆದರೂ 2025ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಒಮ್ಮತದಿಂದ ಗೆದ್ದಾಗ ಅವರ ಮೂಲ ಸಂಬಳ ಹತ್ತು ಲಕ್ಷ ಡಾಲರ್ ಕೂಡ ಮುಟ್ಟಿರಲಿಲ್ಲ. ಮೇಜರ್ ಲೀಗ್‌ನಲ್ಲಿ ಒಂದೂ ಎಸೆತ ಎಸೆಯದ ಜಪಾನಿನ ಯೊಶಿನೊಬು ಯಮಾಮೊಟೊ ಅವರಿಗೆ 2023ರ ಡಿಸೆಂಬರಿನಲ್ಲಿ ಡಾಡ್ಜರ್ಸ್ ಕೊಟ್ಟದ್ದು 12 ವರ್ಷಕ್ಕೆ 32.5 ಕೋಟಿ ಡಾಲರ್. ಜಪಾನಿನ ಲೀಗಿನಿಂದ ಬರುವವರು ಡ್ರಾಫ್ಟ್‌ಗೆ ಒಳಪಡುವುದಿಲ್ಲ, 25 ತುಂಬಿದ ಅನುಭವಿಗಳು ಮುಕ್ತ ಮಾರುಕಟ್ಟೆಯಲ್ಲಿ ಬೆಲೆ ಕೇಳುತ್ತಾರೆ. ವ್ಯತ್ಯಾಸದ ಬಹುಪಾಲು ಅಲ್ಲಿದೆ.

ಕಾಲೇಜಿಗೇ ದುಡ್ಡು ಬಂದಾಗ

2021ರ ಜುಲೈವರೆಗೆ ಕಾಲೇಜು ಆಟಗಾರ ತನ್ನ ಹೆಸರಿನಿಂದ ಒಂದು ಡಾಲರ್ ದುಡಿದರೂ ಅನರ್ಹ. ಆ ನಿಷೇಧ ಹೋಯಿತು. ತಂಡದಿಂದ ತಂಡಕ್ಕೆ ಹಾರುವ ನಿರ್ಬಂಧವೂ ಸಡಿಲವಾಯಿತು. ಸ್ಕೀನ್ಸ್ ವಾಯುಪಡೆ ಅಕಾಡೆಮಿಯಿಂದ ಎಲ್ಎಸ್‌ಯುಗೆ, ಚೇಸ್ ಬರ್ನ್ಸ್ ಟೆನೆಸ್ಸಿಯಿಂದ ವೇಕ್ ಫಾರೆಸ್ಟ್‌ಗೆ ಬಂದು ಡ್ರಾಫ್ಟ್‌ನ ಮೊದಲೆರಡು ಸ್ಥಾನಕ್ಕೆ ಏರಿದರು. ವೇಕ್ ಫಾರೆಸ್ಟ್‌ನಲ್ಲಿ ಪಿಚಿಂಗಿಗೆಂದೇ ಪ್ರಯೋಗಾಲಯವಿದೆ, ಎಸೆತದ ಪ್ರತಿ ಚಲನೆಯನ್ನೂ ಅಳೆಯುತ್ತಾರೆ. ಹಿಂದೆ ಕ್ಲಬ್ಬುಗಳು ತಮ್ಮ ಮೈನರ್ ಲೀಗ್‌ನಲ್ಲಿ ಕಲಿಸುತ್ತಿದ್ದುದನ್ನು ಈಗ ಕಾಲೇಜುಗಳೇ ಕಲಿಸುತ್ತಿವೆ.

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಕಾಲೇಜು ಆಟಗಾರರ ಹಣದ ಹಕ್ಕಿಗೆ ಸಂಬಂಧಿಸಿದ 'ಹೌಸ್' ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಕಾಲೇಜು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅದರ ಸಿಂಹಪಾಲು ಫುಟ್‌ಬಾಲ್‌ಗೆ, ಬೇಸ್‌ಬಾಲ್‌ಗೆ ಸಣ್ಣ ತುಣುಕು. ಜೊತೆಗೆ, ಹಿಂದೆ ಒಂದು ಬೇಸ್‌ಬಾಲ್ ತಂಡಕ್ಕೆ ಒಟ್ಟು 11.7 ವಿದ್ಯಾರ್ಥಿವೇತನ ಎಂದಿದ್ದ ಮಿತಿ ಹೋಗಿ, ರಾಜಿಗೆ ಸೇರಿದ ಕಾಲೇಜುಗಳಿಗೆ 34 ಆಟಗಾರರ ಮಿತಿ ಬಂತು. ಬೇಕಿದ್ದರೆ ಮೂವತ್ನಾಲ್ಕು ಮಂದಿಗೂ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದು, 35ನೆಯವನಿಗೆ ಜಾಗವಿಲ್ಲ.

ಪರಿಣಾಮ ಊಹಿಸುವುದು ಕಷ್ಟವಲ್ಲ. ನಾಲ್ಕನೇ, ಐದನೇ ಸುತ್ತಿನ ಹುಡುಗ ಈಗ ಬೋನಸ್ ಜೊತೆ ಕಾಲೇಜಿನ ಹಣವನ್ನೂ ತೂಗಿ ನೋಡುತ್ತಾನೆ, ಅವನ 'ಆಗಲ್ಲ' ಎಂಬ ಮಾತಿಗೆ ತೂಕ ಹೆಚ್ಚಿದೆ. ಕ್ಲಬ್ಬುಗಳೂ ಹೈಸ್ಕೂಲ್ ಪಿಚರ್‌ಗೆ ದುಡ್ಡು ಹಾಕುವ ಬದಲು, ಮೂರು ವರ್ಷ ಕಾಲೇಜಿನಲ್ಲಿ ಉಳಿದು ಬಂದ ತೋಳಿಗೆ ಹಾಕಲು ನೋಡುತ್ತವೆ. ಅಂದರೆ ಅಪಾಯದ ವರ್ಷಗಳು ಕಾಲೇಜಿಗೆ ಜಾರುತ್ತವೆ. ಅಲ್ಲಿ ಮೊಣಕೈ ಹರಿದವನಿಗೆ ಶೇ 75ರ ಖಾತರಿಯಿಲ್ಲ, ಸಂಘವಿಲ್ಲ. ದೊಡ್ಡ ಕಾಲೇಜುಗಳು ಸಣ್ಣವುಗಳ ಒಳ್ಳೆಯ ಪಿಚರ್‌ಗಳನ್ನು ಸೆಳೆಯುವುದರಿಂದ, ಸಣ್ಣ ಕಾಲೇಜಿನಲ್ಲಿ ತಡವಾಗಿ ಅರಳುವ ಹುಡುಗನ ದಾರಿ ಕಿರಿದಾಗುತ್ತದೆ. ನನ್ನ ಎಣಿಕೆಯಲ್ಲಿ ಈ ಬದಲಾವಣೆಯಿಂದ ಅತಿ ಹೆಚ್ಚು ಕಳೆದುಕೊಳ್ಳುವವನು ಅವನೇ.

ಡಿಸೆಂಬರ್ 1ರ ನಂತರ

ಮಾಲೀಕರ ಕಡೆಯಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕುವ ಮಾತು ಕೇಳಿಬರುತ್ತಿದೆ, ಆಟಗಾರರ ಸಂಘ ಅದನ್ನು ದಶಕಗಳಿಂದ ವಿರೋಧಿಸುತ್ತ ಬಂದಿದೆ. ಒಪ್ಪಂದವಾಗದಿದ್ದರೆ ಮಾಲೀಕರು ಬೀಗ ಹಾಕಬಹುದು, ಅಂದರೆ ಆಟಗಾರರನ್ನು ಕ್ಲಬ್ಬಿನಿಂದ ಹೊರಗಿಡಬಹುದು. ಕಳೆದ ಬಾರಿ, 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ, ಬೀಗ 99 ದಿನ ಇತ್ತು.

ಆ ಬೀಗ ಎಲ್ಲರಿಗೂ ಒಂದೇ ಬಗೆಯಲ್ಲಿ ತಟ್ಟುವುದಿಲ್ಲ. ಮೈನರ್ ಲೀಗ್ ಆಟಗಾರರ ಒಪ್ಪಂದ ಬೇರೆ, ಅದು 2027ರವರೆಗೆ ಇದೆ. ಆದ್ದರಿಂದ ಹೊಸದಾಗಿ ಡ್ರಾಫ್ಟ್ ಆಗಿ ಇನ್ನೂ ಕ್ಲಬ್ಬಿನ 40 ಜನರ ಮೇಜರ್ ಲೀಗ್ ಪಟ್ಟಿಗೆ ಸೇರದ ಪಿಚರ್ ಕ್ಲಬ್ಬಿನ ಶಿಬಿರಕ್ಕೆ ಹೋಗಬಹುದು, ಕೋಚ್ ಜೊತೆ ದುಡಿಯಬಹುದು. ಪಟ್ಟಿ ಸೇರಿದವನಿಗೆ ಬಾಗಿಲು ಮುಚ್ಚಿರುತ್ತದೆ. 2021ರ ಬೀಗದ ಕಾಲದಲ್ಲಿ ಆ ಪಟ್ಟಿಯಲ್ಲಿದ್ದು ಮೊಣಕೈ ಕಸಿಯಿಂದ ಚೇತರಿಸಿಕೊಳ್ಳುತ್ತಿದ್ದ ಪಿಚರ್‌ಗಳು, ತಮ್ಮ ತೋಳನ್ನು ತಿಂಗಳುಗಟ್ಟಲೆ ನೋಡಿಕೊಂಡಿದ್ದ ಕ್ಲಬ್ಬಿನ ತರಬೇತುದಾರರ ಹತ್ತಿರ ಮಾತಾಡುವಂತೆಯೂ ಇರಲಿಲ್ಲ. ಈ ಸಲವೂ ಹಾಗಾದರೆ ಅವರು ಸ್ವಂತ ಖರ್ಚಿನಲ್ಲಿ ಬೇರೆ ಫಿಸಿಯೋ ಹುಡುಕಿಕೊಳ್ಳಬೇಕು.